ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ



ಕಿಕ್ಕೇರಿಯಿಂದ ರಾಮೇಶ್ವರಕ್ಕೆ ಹೊರಟ ನಮ್ಮ ಯಾತ್ರೆಯ ಬಸ್ಸು ತಮಿಳುನಾಡಿನ ಕಾರೈಕುಡಿ ಹತ್ತಿರ ಕಾನಾಡುಕಾತ್ತಾನ್ ಎಂಬ ಊರಲ್ಲಿ ನಿಂತಿತು. ಅಲ್ಲಿದೆ ಚೆಟ್ಟಿನಾಡು ಅರಮನೆ. ಕಟ್ಟಿಸಿದವರು ರಾಜವಂಶದವರಲ್ಲ, ಲೇವಾದೇವಿಯ ಭಾರಿ ಧಣಿ ಅಣ್ಣಾಮಲೈ ಚೆಟ್ಟಿಯಾರ್. 1912ರಲ್ಲಿ ಮುಗಿದ ಕಟ್ಟಡ. ಬರ್ಮಾದ ತೇಗ, ಇಟಲಿಯ ಅಮೃತಶಿಲೆ ಎಂದು ತೋರಿಸುವಾತ ಅರೆಗನ್ನಡದಲ್ಲಿ ಎಣಿಸಿ ಹೇಳಿದ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, "ತೇಗ ಬರ್ಮಾದ್ದು, ಸರಿ ಕಣಪ್ಪ. ದುಡ್ಡು ಎಲ್ಲೀದು?" ಅಂದರು. ಆತ ನಕ್ಕು ಸುಮ್ಮನಾದ.

ಉತ್ತರ ನಾವು ಹೇಳೋಣ. ಚೆಟ್ಟಿಯಾರರ ಸಿರಿಯಲ್ಲಿ ದೊಡ್ಡ ಪಾಲು ಬಂದದ್ದೂ ಬರ್ಮಾದಿಂದಲೇ. ಐರಾವತಿ ನದಿಯ ಬಯಲಲ್ಲಿ ಭತ್ತ ಬೆಳೆಯುವ ರೈತರಿಗೆ ಈ ಸಮುದಾಯದ ಪೆಢಿಗಳು ಸಾಲ ಕೊಡುತ್ತಿದ್ದವು. ಆ ಸಾಲದಿಂದಲೇ ಕಾಡು, ಜೌಗು ಗದ್ದೆಯಾಯಿತು, ಅದನ್ನು ಇಲ್ಲವೆನ್ನಬಾರದು.

ಅರಮನೆ ಎದ್ದು ಹದಿನೆಂಟು ವರ್ಷಕ್ಕೆ, 1930ರಲ್ಲಿ, ಜಗತ್ತಿನ ಆರ್ಥಿಕ ಕುಸಿತ ಭತ್ತಕ್ಕೂ ಬಡಿಯಿತು. ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಸಾಲ ಮಾತ್ರ ಪತ್ರದಲ್ಲಿ ಬರೆದಷ್ಟೇ ಉಳಿಯಿತು. ನೂರು ಮೂಟೆ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಇನ್ನೂರು ಮೂಟೆ ಬೇಕಾಯಿತು. ಕೆಳ ಬರ್ಮಾದ ಮುಖ್ಯ ಭತ್ತದ 13 ಜಿಲ್ಲೆಗಳಲ್ಲಿ 1930ರಲ್ಲಿ ಚೆಟ್ಟಿಯಾರರ ಕೈಲಿದ್ದ ಜಮೀನು ನೂರಕ್ಕೆ 6 ಪಾಲು. 1937ಕ್ಕೆ 25 ಪಾಲು!

ಆ ರೈತ ಸೋಮಾರಿಯಾದನೇ? ಮದುವೆಗೆ ದುಂದು ಮಾಡಿದನೇ? ಇಲ್ಲ ಸ್ವಾಮಿ, ಅಷ್ಟೇ ದುಡಿದ, ಅಷ್ಟೇ ಬೆಳೆದ.

ಚೆಟ್ಟಿಯಾರರನ್ನು ಬೈದರೆ ಲೆಕ್ಕ ಮುಗಿಯದು. 1942ರಲ್ಲಿ ಜಪಾನೀಯರು ನುಗ್ಗಿದಾಗ ಅವರೂ ಓಡಿಬಂದರು. ಸ್ವತಂತ್ರ ಬರ್ಮಾ 1948ರಲ್ಲಿ ಭೂ ರಾಷ್ಟ್ರೀಕರಣ ಕಾಯಿದೆ ತಂದಿತು. ಆ ಜಮೀನು ಕೈಬಿಟ್ಟಿತು. ಸಾಹುಕಾರ ಹೋದ, ಕಟ್ಟಳೆ ಉಳಿಯಿತು: ದವಸದ ಬೆಲೆ ಎಷ್ಟಾದರೂ ಬೀಳಬಹುದು, ಸಾಲ ಒಂದು ಕಾಸೂ ಬೀಳಕೂಡದು.

ನಮ್ಮೂರಲ್ಲೂ ಅದೇ ಕಟ್ಟಳೆ. ಸೊಸೈಟಿಯಲ್ಲಿ ಬೆಳೆಸಾಲ, ಬ್ಯಾಂಕಿನಲ್ಲಿ ಹೆಂಡತಿಯ ಒಡವೆ. ಬೆಲೆ ಬಿದ್ದ ವರ್ಷ ಬಡ್ಡಿಗೆ ರಜೆಯುಂಟೇ?

ನಾವು ಕೇಳುವುದು ದಾನವಲ್ಲ. ಉತ್ಪಾದನಾ ವೆಚ್ಚಕ್ಕಿಂತ ಬೆಲೆ ಕೆಳಗಿಳಿದ ವರ್ಷ ಬಡ್ಡಿ ನಿಲ್ಲಲಿ, ಜಪ್ತಿ ನಿಲ್ಲಲಿ; ಇದು ಕಾನೂನಾಗಲಿ. ನೋಟೀಸು ಹಿಡಿದು ಬಂದವರಿಗೆ ಮೊದಲು ಕುಡಿಯಲು ನೀರು ಕೊಡಿ. ಆಮೇಲೆ ಕೇಳಿ: ಸಾಲ ಕೊಟ್ಟ ದಿನ ಭತ್ತ ಕ್ವಿಂಟಾಲಿಗೆ ಎಷ್ಟಿತ್ತು, ಇವತ್ತು ಎಷ್ಟು?