ಗೇಟು ಎತ್ತಿದ ಮೇಲೆ ಸೆಟ್ಟು ಹುಡುಕೋದು ಬೇಡ

ಕೋಟೆ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ವೈನಾಡಿನಲ್ಲಿ ಜಡಿಮಳೆ ಹಿಡಿದರೆ ಬೀಚನಹಳ್ಳಿಯ ಕಬಿನಿ ಕಟ್ಟೆಯಲ್ಲಿ ನೀರು ಏರುತ್ತದೆ. 1974ರಲ್ಲಿ ಮುಗಿದ ಈ ಅಣೆಕಟ್ಟೆ ಹಿಡಿಯುವುದು 19.52 ಟಿಎಂಸಿ, ಗರಿಷ್ಠ ಮಟ್ಟ 2,284 ಅಡಿ. ತುಂಬಿದ ಮೇಲೆ ಬಂದ ನೀರನ್ನು ಕೆಳಕ್ಕೆ ಬಿಡಲೇಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ಹಾಗೆ ಬಿಟ್ಟಾಗ ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತು.

ಎಲ್ಲರ ಜೇಬಲ್ಲೂ ಮೊಬೈಲ್ ಇದೆಯಲ್ಲ ಅಂತೀರಾ? ಇದೆ ಸ್ವಾಮಿ. ಮೊಬೈಲಿಗೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಕಂಬ ಉರುಳಿದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ತಡೆದೀತು?

ಇಂಥ ಹೊತ್ತಿಗೆ ಕೈಹಿಡಿಯುವವರು ಹ್ಯಾಮ್ ರೇಡಿಯೋ ಹವ್ಯಾಸಿಗಳು. ಒಂದು ಸೆಟ್ಟು, ಒಂದು ಕಾರ್ ಬ್ಯಾಟರಿ, ಒಂದು ತಂತಿ ಸಾಕು, ಊರಿಂದೂರಿಗೆ ಮಾತು ಹೋಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ದ್ವೀಪದ ಸುದ್ದಿಯನ್ನು ಹೊರಲೋಕಕ್ಕೆ ಮುಟ್ಟಿಸಿದರು. 2024ರ ಜುಲೈ 30ರಂದು ವೈನಾಡಿನಲ್ಲಿ ಗುಡ್ಡ ಕುಸಿದಾಗಲೂ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹವ್ಯಾಸಿಗಳು ಕೇಂದ್ರ ತೆರೆದರು.

ಆದರೆ ಸೆಟ್ಟು ತಂದು ಬೀರುವಿನಲ್ಲಿಟ್ಟರೆ ಕೆಲಸವಾಗದು. ಕೈಯಲ್ಲಿ ಹಿಡಿಯುವ ಸೆಟ್ಟಿನ ಅಲೆಗೆ ನಡುವೆ ಗುಡ್ಡ ಬಂದರೆ ದಾರಿ ಕಟ್ಟಾಗುತ್ತದೆ. ಬೀಚನಹಳ್ಳಿಯ ಮಾತು ನಂಜನಗೂಡಿಗೆ ನೇರ ಹೋದೀತೋ, ಚಾಮುಂಡಿ ಬೆಟ್ಟದ ಮೇಲಿಂದ ದಾಟಿಸಬೇಕೋ, ಅದನ್ನು ಒಣಗಾಲದಲ್ಲೇ ನೋಡಿಕೊಳ್ಳಬೇಕು. ಗಲಾಟೆಯಲ್ಲಿ 'ಇಪ್ಪತ್ತು ಸಾವಿರ ಕ್ಯೂಸೆಕ್' ಎನ್ನುವುದೂ 'ಎಪ್ಪತ್ತು ಸಾವಿರ' ಎನ್ನುವುದೂ ಒಂದೇ ಥರ ಕೇಳುತ್ತದೆ. ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿ, ಕೇಳಿದವನು ಬರೆದುಕೊಂಡು, ತಿರುಗಿ ಓದಬೇಕು. ಇದು ರೂಢಿಯಿಂದ ಬರುವ ವಿದ್ಯೆ. ತಪ್ಪಿದರೆ ನದಿದಂಡೆಯ ಊರು ತೆರವಾಗುವುದೇ ಇಲ್ಲ.

ಮೈಸೂರಿಗೆ ರೇಡಿಯೋ ಹೊಸದಲ್ಲ. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ' ನಡೆಸಿದ ಊರಿದು. ಇಲ್ಲಿ ಹವ್ಯಾಸಿಗಳೂ ಇದ್ದಾರೆ. 12 ವರ್ಷ ತುಂಬಿದ ಯಾರೇ ಆಗಲಿ ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆಯಬಹುದು. ಕೆಳದರ್ಜೆಯದಕ್ಕೆ ಮೋರ್ಸ್ ಕಟ್ಟುಕಟ್ಟಳೆಯೂ ಇಲ್ಲ. ಕೋಟೆ, ಸರಗೂರು, ಹುಣಸೂರಿನ ಕಾಲೇಜು ಹುಡುಗ ಹುಡುಗಿಯರನ್ನು ಯಾಕೆ ತಯಾರು ಮಾಡಬಾರದು?

ನಾವು ಕೇಳೋದು ಇಷ್ಟೇ. ಪ್ರತಿವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳ ಒಂದು ದಿನ, ಬೀಚನಹಳ್ಳಿ ಕಟ್ಟೆ, ನಂಜನಗೂಡು, ತಿ. ನರಸೀಪುರ, ಜಿಲ್ಲಾಧಿಕಾರಿ ಕಚೇರಿ, ಈ ನಾಲ್ಕು ಕಡೆ ಹವ್ಯಾಸಿಗಳನ್ನು ಕೂರಿಸಿ. ಮೊಬೈಲ್ ಪಕ್ಕಕ್ಕಿಡಿಸಿ. ಕಟ್ಟೆಯ ಸುದ್ದಿ ತಿರುಮಕೂಡಲಿಗೆ ಎಷ್ಟು ನಿಮಿಷಕ್ಕೆ, ಎಷ್ಟು ಸರಿಯಾಗಿ ಮುಟ್ಟಿತು, ಬರೆದಿಡಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು? ಜಿಲ್ಲಾಡಳಿತವೂ ಹವ್ಯಾಸಿ ಮಿತ್ರರೂ ಇತ್ತ ಗಮನ ಹರಿಸುವರೇ?