ಅತ್ತಿಮಬ್ಬೆ ಅಂದ್ರ ನಾಚಿಕೆ ಯಾಕ್ರೀ?

ಮಗಳಿಗೆ ‘ಅತ್ತಿಮಬ್ಬೆ’ ಅಂತ ಹೆಸರಿಡ್ತೀವಿ ಅಂದ್ರ ಮನ್ಯಾಗ ತಕರಾರು: ‘ಮುದುಕಿ ಹೆಸರು, ಸಾಲ್ಯಾಗ ಹುಡುಗರು ನಗತಾವು.’ ಅಲ್ರೀ, ತಾಳೆಗರಿಯ ಕಾಲದಾಗ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದಾಕಿ, ಗದಗಿನ ಮಗ್ಗಲ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಾಕಿ ಈಕಿ! ಆಕೆಯ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಟ್ಟರೆ ಚಪ್ಪಾಳೆ ಹೊಡೀತೀವಿ, ಅದೇ ಹೆಸರು ನಮ್ಮ ತೊಟ್ಟಿಲಿಗೆ ಬಂದ್ರ ಮೂಗು ಮುರೀತೀವಿ. ನಗೋ ಹುಡುಗರಿಗೆ ಆಕಿ ಯಾರಂತ ಹೇಳಿಕೊಡೋದು ಬಿಟ್ಟು ಹೆಸರನ್ನೇ ಬದಲಿಸೋದು ಯಾವ ನ್ಯಾಯ?

ಹಿರಿಯರ ಮ್ಯಾಲೆ ಸಿಟ್ಟಿಲ್ಲ. ಸೋದರತ್ತಿ ತನಗ ಬೇಕಾದ ಹೆಸರಿಂದ ಕರೀಲಿ, ಮನ್ಯಾಗ ಅದೂ ನಡೀತೈತಿ. ಜನನ ನೋಂದಣಿಯಾದ ಮೇಲೆ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಮನವೊಲಿಸಲು ಅಷ್ಟು ಟೈಮ್ ಸಾಕು. ಆದರೆ ದಾಖಲೆಯೊಳಗ ಬರೆಸೋ ಹೆಸರು ಹೆತ್ತವರದು. ಅದನ್ನ ಬಿಟ್ಟುಕೊಡಬ್ಯಾಡ್ರಿ.