ಹೆಸರು ಬರೆಸಿಕೊಂಡ ಕಾರ್ಡಿಗೆ ಬೆಲೆ ಕಡಿಮೆಯೇಕೆ?

ಜಪಾನಿನ ಮಹಿಳಾ ಕುಸ್ತಿಪಟುಗಳ ಹಸ್ತಾಕ್ಷರವಿರುವ ಟ್ರೇಡಿಂಗ್ ಕಾರ್ಡುಗಳ ಪೇಟೆಯಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಕಾರ್ಡಿನ ಮೇಲೆ ಕುಸ್ತಿಪಟುವಿನ ಸಹಿ ಮಾತ್ರ ಇದ್ದರೆ ಒಳ್ಳೆಯ ಬೆಲೆ. ಪಕ್ಕದಲ್ಲಿ ‘ಇಂಥವರಿಗೆ’ ಎಂದು ಕೊಂಡವರ ಹೆಸರೂ ಇದ್ದರೆ ಬೆಲೆ ಇಳಿಯುತ್ತದೆ. ಹೀಗೆ ಹೆಸರು ಬರೆದುಕೊಡುವುದಕ್ಕೆ ಜಪಾನೀಯರು ‘ತಮೆಗಾಕಿ’ ಎನ್ನುತ್ತಾರೆ. ಮರುಮಾರಾಟಗಾರನ ಕಣ್ಣಿಗೆ ಅದೊಂದು ಊನ. ಈ ಹವ್ಯಾಸಕ್ಕೆ ಮಾನ ತರುವುದೇ ಆ ಊನ ಎಂಬುದು ನನ್ನ ವಾದ.

ಈ ಸಹಿಗಳನ್ನು ಜೋಪಾನ ಮಾಡಲು ಕಾರಣಗಳಿವೆ. 1968ರಲ್ಲಿ ಶುರುವಾದ ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಸಂಸ್ಥೆಯಲ್ಲಿ ಬಹುಕಾಲ ಇಪ್ಪತ್ತೈದಕ್ಕೆ ನಿವೃತ್ತಿ ಎಂಬ ಕಟ್ಟಳೆಯಿತ್ತು. ಬೇರೆ ವೃತ್ತಿಗಳಲ್ಲಿ ಕೆಲಸ ಕೈಗೆ ಹತ್ತುವ ವಯಸ್ಸಿಗೆ ಇಲ್ಲಿ ಬೀಳ್ಕೊಡುಗೆ. ಚಿಗುಸಾ ನಗಾಯೋ ಮತ್ತು ಲಯನೆಸ್ ಅಸುಕಾ ಅವರ ‘ಕ್ರಶ್ ಗ್ಯಾಲ್ಸ್’ ಜೋಡಿಗೆ 1980ರ ದಶಕದಲ್ಲಿ ಶಾಲಾ ಹುಡುಗಿಯರೇ ಮುಗಿಬೀಳುತ್ತಿದ್ದರು. 1985ರ ಆಗಸ್ಟಿನಲ್ಲಿ ಒಸಾಕಾದ ಸಭಾಂಗಣದಲ್ಲಿ ಡಂಪ್ ಮಾತ್ಸುಮೊಟೊ ಎದುರು ಸೋತ ನಗಾಯೋ ಅವರ ತಲೆಯನ್ನು ಪಂದ್ಯದ ಪಣದಂತೆ ಬೋಳಿಸಿದಾಗ ಆ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ಮೆರೆದ ಸಂಸ್ಥೆ 2005ರಲ್ಲಿ ಬಾಗಿಲು ಹಾಕಿತು. ಸಂಸ್ಥೆ ಹೋಗಲಿ, ಹೆಸರುಗಳೂ ನಿಲ್ಲುವುದಿಲ್ಲ. ಜಪಾನಿನಲ್ಲಿ ಕಾನಾ ಆಗಿದ್ದವರು ಅಮೆರಿಕದ ಕುಸ್ತಿ ಸಂಸ್ಥೆ ಡಬ್ಲ್ಯುಡಬ್ಲ್ಯುಇಗೆ ಹೋಗಿ ಅಸುಕಾ ಆದರು. ಇಯೋ ಶಿರಾಯ್ ಅಲ್ಲಿ ಇಯೋ ಸ್ಕೈ. ಅಂಗೈಯೊಳಗೆ ಅಡಗುವ ಒಂದು ರಟ್ಟಿನ ತುಂಡಿನಲ್ಲಿ, ನುಣುಪು ಮೈಮೇಲೆ ಮಾರ್ಕರ್ ಜಾರಿದ ಗುರುತಿನೊಂದಿಗೆ, ಹಳೆಯ ಹೆಸರು ಅವರದೇ ಕೈಬರಹದಲ್ಲಿ ಉಳಿದಿರುತ್ತದೆ.

ಇದೆಲ್ಲ ಸರಿ, ಆದರೆ ಕಾರ್ಡು ಸಂಗ್ರಹವೆಂದರೆ ಲಾಟರಿಯಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಬೇಸ್‌ಬಾಲ್ ಮ್ಯಾಗಜೀನ್ ಸಂಸ್ಥೆಯ ಬಿಬಿಎಂ ಕಾರ್ಡುಗಳು ಬರುವುದು ಮುಚ್ಚಿದ ಪೊಟ್ಟಣದಲ್ಲಿ. ಸಹಿಯಿರುವವು ಕೆಲವೇ ಕೆಲವು, ಇಷ್ಟರಲ್ಲಿ ಇಷ್ಟನೆಯದು ಎಂಬ ಅಂಕಿಯೊಂದಿಗೆ. ಸ್ಟಾರ್ಡಮ್ ಎಂಬ ಮಹಿಳಾ ಕುಸ್ತಿ ಸಂಸ್ಥೆಯನ್ನು 2019ರಲ್ಲಿ ತನ್ನದಾಗಿಸಿಕೊಂಡ ಬುಶಿರೋಡ್ ಮೂಲತಃ ಕಾರ್ಡಾಟದ ಕಂಪನಿ. ಸಿಗುವುದನ್ನು ಸಿಗದಂತೆ ಮಾಡಿ ಮಾರುವ ವಿದ್ಯೆ ಇವರಿಗೆ ಹೇಳಿಕೊಡಬೇಕಿಲ್ಲ. ಆದರೆ ಪೊಟ್ಟಣವೊಂದೇ ದಾರಿಯಲ್ಲ. ಪಂದ್ಯದ ದಿನ ಕುಸ್ತಿಪಟುಗಳೇ ಮಾರಾಟದ ಮೇಜಿನ ಹಿಂದೆ ನಿಂತು ತಮ್ಮ ಭಾವಚಿತ್ರಗಳಿಗೆ, ಅಭಿಮಾನಿಗಳು ತಂದ ವಸ್ತುಗಳಿಗೆ ಸಹಿ ಹಾಕಿಕೊಡುವುದು ಅಲ್ಲಿನ ರೂಢಿ. ಆ ಮೇಜಿನ ವ್ಯಾಪಾರ ಎಷ್ಟೋ ಜನರ ಸಂಪಾದನೆಯ ಭಾಗ. ಇಲ್ಲಿ ಅದೃಷ್ಟದ ಮಾತಿಲ್ಲ, ಸರದಿಯಲ್ಲಿ ನಿಲ್ಲಬೇಕು ಅಷ್ಟೆ. ಕೊಂಡವರ ಹೆಸರನ್ನೂ ಬರೆದುಕೊಟ್ಟರಂತೂ ಹತ್ತು ಸಹಿ ಹಾಕಿಸಿಕೊಂಡು ಹೋಗಿ ಹರಾಜಿಗಿಡುವವರ ಉತ್ಸಾಹ ತಾನಾಗಿ ಇಳಿಯುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಇದು ಎಳೆಯ ಹೆಣ್ಣುಮಕ್ಕಳ ಸಾಮೀಪ್ಯವನ್ನು ಬಿಕರಿಗಿಡುವ ವ್ಯವಸ್ಥೆ ಎಂಬುದು. ಇದನ್ನು ತಳ್ಳಿಹಾಕಲಾರೆ. ಸಹಿಗೆ ಕೊಟ್ಟ ಹಣ ಸಲಿಗೆಗೆ ಕೊಟ್ಟ ಹಣವೆಂದು ಭಾವಿಸುವ ಅಭಿಮಾನಿಯನ್ನು ತಡೆಯುವುದು ಸಂಸ್ಥೆಗಳ ಹೊಣೆ. ಆದರೆ ಈ ಕುಸ್ತಿಪಟುಗಳು ಕಂಡ ದೊಡ್ಡ ಕ್ರೌರ್ಯ ಆ ಮೇಜಿನ ಎದುರಿನಿಂದ ಬಂದದ್ದಲ್ಲ. ರಿಯಾಲಿಟಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡ ಕುಸ್ತಿಪಟು ಹನಾ ಕಿಮುರಾ ಅವರ ಮೇಲೆ ಜಾಲತಾಣಗಳಲ್ಲಿ ನಿಂದನೆಯ ಮಳೆ ಸುರಿಯಿತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ವಯಸ್ಸು 22. ಆ ಸಾವಿನ ನಂತರದ ಚರ್ಚೆಯೇ 2022ರಲ್ಲಿ ಜಪಾನ್ ಅವಮಾನದ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆವಾಸ ವಿಧಿಸುವಂತೆ ಕಾನೂನು ಬಿಗಿಗೊಳಿಸಲು ದಾರಿಯಾಯಿತು. ನಿಂದಿಸಿದವರು ಹೆಸರು ಮರೆಸಿಕೊಂಡಿದ್ದರು. ಮೇಜಿನ ಮುಂದೆ ನಿಂತವರು ಮೊದಲು ಹೇಳಬೇಕಾದದ್ದೇ ತಮ್ಮ ಹೆಸರನ್ನು.

ಹೆಸರು ಬರೆಸಿಕೊಂಡ ಕಾರ್ಡನ್ನು ಕಷ್ಟಕಾಲದಲ್ಲಿ ಮಾರಬೇಕಾಗಿ ಬಂದರೇನು ಗತಿ ಎಂದರೆ, ಕಾಸು ಕಡಿಮೆ ಬಂದೀತು, ನಿಜ. ಅದೇ ಕಾರಣಕ್ಕೆ ಆ ಕಾರ್ಡು ಕಿಸೆ ತೆಳುವಾಗಿರುವ ಯಾವುದೋ ಕಾಲೇಜು ಹುಡುಗಿಯ ಕೈಗೂ ಎಟುಕೀತು. ಅದರ ಮೇಲೆ ಬೇರೆ ಯಾರದೋ ಹೆಸರಿರುತ್ತದೆ. ಇರಲಿ. ಹಳೆಯ ಪುಸ್ತಕ ಕೊಂಡವರು ಒಳಪುಟದಲ್ಲಿರುವ ಮೊದಲ ಓದುಗರ ಹೆಸರನ್ನು ಕೆರೆದು ಹಾಕುವುದಿಲ್ಲವಲ್ಲ.